ವಜ್ರದ ಬೆಂಡೋಲೆ ಕೊಳ್ಳುವ ಮುಂಚೆ ಆ ಕಾರ್ಡ್ ಯಾರದ್ದು ಅಂತ ನೋಡಿ

ಅಕ್ಕನ ಮದುವೆಗೆ ಮಂಗಳೂರಿನ ಒಂದು ಅಂಗಡಿಯಲ್ಲಿ ಏಳು ಕಲ್ಲಿನ ಬೆಂಡೋಲೆ ತೆಗೆದಿದ್ದೆವು. ಒಂದೊಂದು ಕಲ್ಲು 18 ಸೆಂಟ್ (ನೂರು ಸೆಂಟ್ ಅಂದರೆ ಒಂದು ಕ್ಯಾರೆಟ್), ಎರಡೂ ಓಲೆ ಸೇರಿ 2.52 ಕ್ಯಾರೆಟ್. ಜೊತೆಗೆ ಎಟಿಎಂ ಕಾರ್ಡ್ ಗಾತ್ರದ ಒಂದು ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ಬಣ್ಣ ಇ-ಎಫ್, ಕ್ಲಾರಿಟಿ ವಿವಿಎಸ್ ಎಂದು ಅಚ್ಚಾಗಿತ್ತು. ದುಡ್ಡೂ ಆ ಗ್ರೇಡಿನದ್ದೇ ತಗೊಂಡರು. ಕಲ್ಲು ಮಾತ್ರ ಆ ಗ್ರೇಡಿನದ್ದಲ್ಲ.

ಇದು ಗೊತ್ತಾದದ್ದು ಒಂದು ಕಲ್ಲು ಸಡಿಲವಾದ ಮೇಲೆ. ಅಮ್ಮ ಓಲೆಯನ್ನು ರಥಬೀದಿಯ ಪರಿಚಯದ ಅಕ್ಕಸಾಲಿ ಆಚಾರ್ರ ಹತ್ತಿರ ಕೊಂಡು ಹೋದರು. ಅವರು ಕಲ್ಲು ಬಿಚ್ಚಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಕಿಟಕಿಯ ಬೆಳಕಿನಲ್ಲಿ ನೋಡಿದರು. "ಇ-ಎಫ್ ಅಂತ ಯಾರು ಹೇಳಿದ್ದು ಅಮ್ಮ? ಹಳದಿ ಉಂಟಲ್ಲ ಇದರಲ್ಲಿ" ಎಂದರು. ಆ ಕಲ್ಲನ್ನೂ ಇನ್ನೊಂದನ್ನೂ ಮುಂಬೈಯ ಒಂದು ದೊಡ್ಡ ಲ್ಯಾಬಿಗೆ ಕಳಿಸಿದೆವು. ಒಂದರ ಬಣ್ಣ ಜೆ, ಇನ್ನೊಂದರದ್ದು ಕೆ. ಕ್ಲಾರಿಟಿ ಎರಡಕ್ಕೂ ಎಸ್‌ಐ2.

ಈ ಅಕ್ಷರಗಳ ಬೆಲೆ ಎಷ್ಟು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬಣ್ಣ ಅಳೆಯುವುದು ಡಿಯಿಂದ ಝಡ್‌ವರೆಗೆ. ಡಿ, ಇ, ಎಫ್ ಅಂದರೆ ಬಣ್ಣವೇ ಇಲ್ಲದ ಕಲ್ಲು. ಜಿಯಿಂದ ಜೆವರೆಗೆ ಬಣ್ಣ ಇದ್ದರೂ ಸುಲಭಕ್ಕೆ ಕಾಣುವುದಿಲ್ಲ. ಕೆಯಿಂದ ಹಳದಿ ಛಾಯೆ ಶುರು. ಕ್ಲಾರಿಟಿಯಲ್ಲಿ ವಿವಿಎಸ್ ಅಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದರೂ ಒಳಗಿನ ಚುಕ್ಕೆ ಹುಡುಕುವುದು ಕಷ್ಟ. ಎಸ್‌ಐ ಅಂದರೆ ಲೂಪ್ ಹಿಡಿದ ಕೂಡಲೇ ಕಾಣುತ್ತದೆ. ಎರಡರ ನಡುವೆ ವಿಎಸ್ ಎಂಬ ಇಡೀ ಒಂದು ಮೆಟ್ಟಿಲೇ ಇದೆ. ಈ ಅಳತೆ ತಂದದ್ದು ಅಮೆರಿಕದ ಜಿಐಎ ಸಂಸ್ಥೆ, 1950ರ ದಶಕದಲ್ಲಿ. ಅದು ಎ ಬಿಟ್ಟು ಡಿಯಿಂದ ಶುರುವಾಗಲು ಕಾರಣವೂ ಉಂಟು. ಎ, ಡಬಲ್ ಎ ಅಂತ ಅಂಗಡಿಗಳು ಆಗಲೇ ಮನಸ್ಸಿಗೆ ಬಂದ ಹಾಗೆ ಬಳಸಿ ಕೆಡಿಸಿದ್ದವು. ಈಗ ಇ-ಎಫ್‌ಗೂ ಅದೇ ಗತಿ. ಯಾರು ಬೇಕಾದರೂ ಕಾರ್ಡಿನ ಮೇಲೆ ಅಚ್ಚು ಹಾಕಬಹುದು.

ಅಂಗಡಿಗೆ ಹೋಗಿ ಕೇಳಿದೆವು. ಮೊದಲು ಬಂದ ಹುಡುಗ ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು, ಓಲೆಯ ಎಚ್‌ಯುಐಡಿ (ಹಾಲ್‌ಮಾರ್ಕ್ ಗುರುತಿನ) ನಂಬರ್ ಹಾಕಿ, "ನೋಡಿ, ಒರಿಜಿನಲ್" ಎಂದ! ಆ ಆರು ಅಕ್ಷರ-ಅಂಕಿಯ ನಂಬರಿನಿಂದ ಖಾತ್ರಿಯಾಗುವುದು ಚಿನ್ನದ ಶುದ್ಧತೆ ಮಾತ್ರ. ವಜ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಮ್ಯಾನೇಜರ್ ಬಂದರು. "ಗ್ರೇಡಿಂಗ್ ಅಂದ್ರೆ ಅಭಿಪ್ರಾಯ ಅಲ್ವಾ ಅಮ್ಮ, ಲ್ಯಾಬಿಂದ ಲ್ಯಾಬಿಗೆ ವ್ಯತ್ಯಾಸ ಬರ್ತದೆ" ಎಂದರು. ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದೇ ಕಲ್ಲಿಗೆ ಎರಡು ಒಳ್ಳೆಯ ಲ್ಯಾಬುಗಳು ಒಂದು ಗ್ರೇಡ್ ಆಚೀಚೆ ಹೇಳಬಹುದು. ಆದರೆ ಎಫ್ ಎಂದದ್ದು ಕೆ ಆಗುವುದಕ್ಕೆ ಅಭಿಪ್ರಾಯ ಅನ್ನುವುದಿಲ್ಲ.

ಕಾರ್ಡ್ ತಿರುಗಿಸಿ ನೋಡಿದರೆ ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು: ಆಭರಣದಲ್ಲಿ ಕೂರಿಸಿದ ಸ್ಥಿತಿಯಲ್ಲಿ ಮಾಡಿದ ಅಂದಾಜು. ಲ್ಯಾಬಿನ ಹೆಸರು ನಾವು ಎಲ್ಲೂ ಕೇಳಿದ್ದಲ್ಲ, ವಿಳಾಸವೂ ಇಲ್ಲ. ಬಿಲ್ಲಿನಲ್ಲಂತೂ ಬರೀ "ಡೈಮಂಡ್ 2.52" ಎಂದಿತ್ತು. ಗ್ರೇಡ್ ಎಲ್ಲ ಕಾರ್ಡಿನಲ್ಲಿ, ದುಡ್ಡು ಬಿಲ್ಲಿನಲ್ಲಿ. ಇದು ಕೈತಪ್ಪಿ ಆದದ್ದು ಅಂತ ನನಗೆ ಅನ್ನಿಸುವುದಿಲ್ಲ.

ಕೂರಿಸಿದ ಕಲ್ಲನ್ನು ಎಂಥ ಲ್ಯಾಬೂ ಸರಿಯಾಗಿ ಅಳೆಯಲು ಆಗುವುದಿಲ್ಲ. ತೂಕವನ್ನೂ ಲೆಕ್ಕ ಹಾಕಿಯೇ ಹೇಳಬೇಕು. ಅದರಲ್ಲೂ ನಮ್ಮ ಕಡೆಯ ಬೆಂಡೋಲೆಗೆ ಹಿಂಬದಿ ಮುಚ್ಚಿದ ಸೆಟ್ಟಿಂಗ್ ಜಾಸ್ತಿ. ಸುತ್ತ ಹಳದಿ ಚಿನ್ನ ಇದ್ದರೆ ಕಲ್ಲಿನ ಹಳದಿ ಅದರಲ್ಲೇ ಅಡಗಿಹೋಗುತ್ತದೆ. ಮೇಲೆ ಅಂಗಡಿಯ ಸ್ಪಾಟ್‌ಲೈಟ್ ಬೇರೆ. ಅದರ ಕೆಳಗೆ ಅಮೆರಿಕನ್ ಡೈಮಂಡ್ ಕೂಡ ಫಳಫಳ ಅನ್ನುತ್ತದೆ. ಮೊದಲೆಲ್ಲ ಕಲ್ಲನ್ನು ಬಿಡಿಯಾಗಿ, ಕಾಗದದ ಪೊಟ್ಟಣದಲ್ಲಿ ತೋರಿಸಿ, ಒಪ್ಪಿದ ಮೇಲೆ ಕಟ್ಟಿಸುತ್ತಿದ್ದರು. ಏಳು ಕಲ್ಲಿಗೆ ಈಗಲೂ ಅದೇ ಸರಿ ಅಂತ ನನ್ನ ಅಭಿಪ್ರಾಯ. ರೆಡಿಮೇಡ್ ಬೇಕೇ ಬೇಕು ಅಂದರೆ ಹಿಂಬದಿ ತೆರೆದ ಸೆಟ್ಟಿಂಗ್ ತಗೊಳ್ಳಿ.

ವರದಿ ಜಿಐಎ, ಐಜಿಐ ಥರದ ಹೆಸರಿರುವ ಲ್ಯಾಬಿನದ್ದಾದರೂ ಸುಮ್ನೆ ನಂಬಬೇಡಿ. ದುಡ್ಡು ಕೊಡುವ ಮುಂಚೆ ನಿಮ್ಮದೇ ಫೋನಿನಲ್ಲಿ, ಲ್ಯಾಬಿನ ವೆಬ್‌ಸೈಟಿನಲ್ಲಿ ವರದಿ ನಂಬರ್ ಹಾಕಿ ನೋಡಿ. ಅಂಗಡಿಯವರು ತೋರಿಸುವ ಕ್ಯೂಆರ್ ಕೋಡ್ ಎಲ್ಲಿಗೆ ಬೇಕಾದರೂ ಹೋಗಬಹುದು. ಕಲ್ಲಿನ ಸೊಂಟದ ಅಂಚಿನಲ್ಲಿ ಲೇಸರಿನಿಂದ ಅದೇ ನಂಬರ್ ಕೊರೆದಿದ್ದರೆ ಲೂಪ್ ಕೇಳಿ ಓದಿ. ಕೊರೆತವನ್ನೂ ನಕಲಿ ಮಾಡುವವರಿದ್ದಾರೆ. ಲ್ಯಾಬಿನಲ್ಲಿ ಬೆಳೆಸಿದ ಕಲ್ಲಿನ ಮೇಲೆ ಗಣಿಯ ಕಲ್ಲಿನ ನಂಬರ್ ಹಾಕಿದ್ದು ಹಿಂದೆ ಸಿಕ್ಕಿಬಿದ್ದಿದೆ. ಹಾಗಾಗಿ ತೂಕ, ಮಿಲಿಮೀಟರ್ ಅಳತೆ ಎರಡೂ ವರದಿಗೆ ಹೊಂದುತ್ತದಾ ಅಂತ ನೋಡಬೇಕು. ಪೆನ್ನಿನಂಥ ಟೆಸ್ಟರ್ ಮುಟ್ಟಿಸಿ ಬೀಪ್ ಅನ್ನಿಸಿದರೆ ಖುಷಿಪಡಬೇಡಿ. ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಅದಕ್ಕೂ ಬೀಪ್ ಬರುತ್ತದೆ. ಬೆಲೆ ಮಾತ್ರ ಗಣಿಯದ್ದಕ್ಕಿಂತ ತುಂಬಾ ಕಡಿಮೆ.

ಇನ್ನೊಂದು ಮಾತು, ತೂಕದ್ದು. ಹದಿನಾಲ್ಕು ಕಲ್ಲು ಸೇರಿ ಎರಡೂವರೆ ಕ್ಯಾರೆಟ್ ಆದರೆ ಅದರ ಬೆಲೆ ಎರಡೂವರೆ ಕ್ಯಾರೆಟಿನ ಒಂದೇ ಕಲ್ಲಿನ ಹತ್ತಿರಕ್ಕೂ ಬರುವುದಿಲ್ಲ. ರೇಟ್ ಕೇಳುವಾಗ ಒಂದೊಂದು ಕಲ್ಲಿನ ಸೆಂಟ್ ಹೇಳಿಯೇ ಕೇಳಿ. ಬಿಲ್ಲಿನಲ್ಲಿ ಕಲ್ಲಿನ ಸಂಖ್ಯೆ, ತೂಕ, ಬಣ್ಣ, ಕ್ಲಾರಿಟಿ, "ನ್ಯಾಚುರಲ್" ಎಂಬ ಪದ, ವಾಪಸ್ ತಗೊಳ್ಳುವ ಶರತ್ತು ಎಲ್ಲ ಬರೆಸಿ. "ಕಂಪ್ಯೂಟರಲ್ಲಿ ಅದಕ್ಕೆ ಜಾಗ ಇಲ್ಲ" ಅಂದರೆ ಕೈಯಲ್ಲಿ ಬರೆದು ಸೀಲ್ ಹಾಕಲಿ. ಅದಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ.

ಕೊನೆಗೆ ಆ ಅಂಗಡಿಯವರು ನಮಗೆ ಹೇಳಿದ್ದು ಎಕ್ಸ್‌ಚೇಂಜ್ ಮಾಡಿಕೊಳ್ಳಿ ಅಂತ, ಅದೂ ಕಡಿತ ಹಿಡಿದು. ಅಕ್ಕ ಒಪ್ಪಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವ ತಯಾರಿಯಲ್ಲಿದ್ದೇವೆ. ಮೊದಲು 1915 ಸಹಾಯವಾಣಿಗೆ ಫೋನ್ ಮಾಡಬಹುದು. ಆಯೋಗಕ್ಕೆ ಹೋಗುವುದಾದರೆ ತಕರಾರು ಹುಟ್ಟಿ 2 ವರ್ಷದೊಳಗೆ ಹೋಗಬೇಕು. ಬಿಲ್, ಕಾರ್ಡ್, ವಾಟ್ಸಾಪ್ ಮಾತುಕತೆ ಎಲ್ಲ ತೆಗೆದಿಡಿ. "ಓಲೆ ಇಲ್ಲೇ ಬಿಟ್ಟು ಹೋಗಿ, ನಾವೇ ಇನ್ನೊಮ್ಮೆ ಚೆಕ್ ಮಾಡಿಸ್ತೇವೆ" ಅಂತ ನಮಗೂ ಹೇಳಿದ್ದರು. ಕೊಡಬೇಡಿ. ಅವರ ಕೈಗೆ ಹೋದ ಮೇಲೆ ವಾಪಸ್ ಬಂದದ್ದು ಯಾವ ಕಲ್ಲು ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.