ಬ್ಯಾಡಗಿ ಗೋದಾಮಿನಾಗ ಎನ್‌ಆರ್‌ಎಫ್52840 ಡಿಕೆ ಬೋರ್ಡ್

ಮೆಣಸಿನಕಾಯಿ ಚೀಲದಾಗ ತೇವ ಏರಿತಂದ್ರ ಬೂಷ್ಟು ಹತ್ತತೈತಿ, ಬಣ್ಣ ಕೆಡತೈತಿ, ರೇಟು ಬೀಳತೈತಿ. ಗೋದಾಮಿನ ಮೂಲಿಮೂಲಿಗೂ ವೈರ್ ಎಳಿಯೂದು ಆಗದ ಮಾತು. ಅದಕ್ಕ ವೈರಿಲ್ಲದ ಬ್ಲೂಟೂತಿನಾಗ ರೀಡಿಂಗ್ ಕಳಸೋ ಎನ್‌ಆರ್‌ಎಫ್52840 ಚಿಪ್ ಇರೋ, ನಾರ್ವೆಯ ನಾರ್ಡಿಕ್ ಕಂಪನಿಯ ಈ ಪ್ರಯೋಗದ ಬೋರ್ಡ್ (ಡಿಕೆ) ತರಿಸಿದೆ.

ಹೊಸಬರಿಗೆ ಛಲೋ ಅನುಕೂಲ ಅಂದ್ರ ಚಿಪ್ಪಿಗೆ ಪ್ರೋಗ್ರಾಮ್ ತುಂಬಿ ತಪ್ಪು ಹುಡುಕೋ ಡಿಬಗ್ಗರ್ ಬೋರ್ಡ್ ಮ್ಯಾಲೇ ಐತಿ. ಯುಎಸ್‌ಬಿ ಕೇಬಲ್ ಹಚ್ಚಿದ್ರ ಸಾಕು, ಬ್ಯಾರೆ ಪ್ರೋಗ್ರಾಮರ್ ಬ್ಯಾಡ. ನನಗ ಭಾಳ ಹಿಡಿಸಿದ್ದು ಕರೆಂಟ್ ಅಳಿಯೋ ವ್ಯವಸ್ಥಾ: ಎಸ್‌ಬಿ40 ಅನ್ನೋ ಸಣ್ಣ ಜೋಡಣಿ ಕತ್ತರಿಸಿ, ಪಿ22 ಪಿನ್ನಿಗೆ ಮೀಟರ್ ಹಚ್ಚಿದ್ರ ಚಿಪ್ ಒಂದ ಎಷ್ಟು ತಿಂತೈತಿ ಅಂತ ಕಣ್ಣಿಗೆ ಕಾಣತೈತಿ. ಒಂದು ಮಾತು ನೆನಪಿಡ್ರಿ. ಆಗಾಗ ಎದ್ದು ರೀಡಿಂಗ್ ಕಳಸೋ ಪ್ರೋಗ್ರಾಮಿನಾಗ ಸೀರಿಯಲ್ ಲಾಗ್ (ಕಂಪ್ಯೂಟರಿಗೆ ಸಂದೇಶ ಬರಕೋತ ಹೋಗೋದು) ಚಾಲೂ ಇದ್ರ, ಮಲಗಿದಾಗ ಕೆಲವೇ ಮೈಕ್ರೋಆಂಪಿಯರ್ ಇರಬೇಕಾದ್ದು ನೂರಾರು ಆಗತೈತಿ. ಅದನ್ನ ಬಂದ್ ಮಾಡಿನ ಅಳೀರಿ.

ಬೋರ್ಡಿನ ಹಿಂದ ಬಿಲ್ಲೆಯಂಥಾ ಸಿಆರ್2032 ಸೆಲ್ ಕೂಡ್ರಸೋ ಜಾಗಾನೂ ಐತಿ. ಚೀಲದ ಥಪ್ಪಿ ನಡುವ ಬ್ಲೂಟೂತ್ ಸಿಗ್ನಲ್ ಕುಂದತೈತಿ ಖರೆ. ಆದ್ರ ಒಂದು ಬೋರ್ಡಿನಿಂದ ಇನ್ನೊಂದಕ್ಕ ಸಂದೇಶ ದಾಟಿಸಿಕೋತ ಹೋಗೋ ಥ್ರೆಡ್ ಮೆಶ್ ಅನ್ನೋ ಜಾಲಾನೂ ಇದೇ ಚಿಪ್ಪಿನಾಗ ನಡೀತೈತಿ.

ತ್ರಾಸು ಇರೂದು ಸಾಫ್ಟ್‌ವೇರಿನಾಗ. ಇದರಾಗ ಓಡೋ ಝೆಫಿರ್ ಅನ್ನೋ ಆಪರೇಟಿಂಗ್ ಸಿಸ್ಟಮಿನ ಡೌನ್‌ಲೋಡ್ ಭಾಳ ದೊಡ್ಡದು, ಆರ್ಡುಯಿನೋದಂಥಾ ಸರಳ ಬೋರ್ಡ್ ರೂಢಿ ಇದ್ದವರಿಗೆ ಡಿವೈಸ್‌ಟ್ರೀ (ಯಾವ ಪಿನ್ನಿಗೆ ಏನ ಹಚ್ಚೇತಿ ಅಂತ ಬರದಿಡೋ ಫೈಲ್) ಲಗೂನ ತಲಿಗೆ ಹತ್ತಂಗಿಲ್ಲ. ಒಂದೇ ಒಂದು ಎಲ್‌ಇಡಿ ಮಿಣಕಸೋ ಉದಾಹರಣಿಯಿಂದ ಶುರು ಮಾಡ್ರಿ, ಸೆನ್ಸರ್ ಆಮ್ಯಾಲೆ.