ಮುಟ್ಟು ನಿಲ್ಲುವ ಕಾಲದ ಬಿಸಿಗೆ ಸೋಯಾ, ಅಗಸೆ, ಶತಾವರಿ: ಒಂದು ಹೋಲಿಕೆ

ಹಾರ್ಮೋನ್ ಚಿಕಿತ್ಸೆ ಬೇಡವೆಂದು ನಿರ್ಧರಿಸಿದ ಮೇಲೆ, ತುಮಕೂರಿನ ಔಷಧಿ ಅಂಗಡಿಗಳಲ್ಲೂ ಗ್ರಂಧಿಗೆ ಅಂಗಡಿಗಳಲ್ಲೂ ಸುಲಭವಾಗಿ ಸಿಗುವ ಮೂರು ಪೂರಕಗಳನ್ನು, ಒಂದನ್ನು ಪೂರ್ತಿಯಾಗಿ ಬಿಟ್ಟ ನಂತರವೇ ಇನ್ನೊಂದನ್ನು ಆರಂಭಿಸುವ ಕ್ರಮದಲ್ಲಿ, ವೈದ್ಯರಿಗೆ ತಿಳಿಸಿಯೇ ಸೇವಿಸಿ ನೋಡಿದೆ. ಎದೆಯಿಂದ ಮುಖಕ್ಕೆ ಏರುವ ಬಿಸಿ, ರಾತ್ರಿಯ ಬೆವರು, ಅದರಿಂದ ಕೆಡುವ ನಿದ್ರೆ ನನ್ನ ಮುಖ್ಯ ತೊಂದರೆಗಳಾಗಿದ್ದವು.

ಮೂರರಲ್ಲಿ ನನಗೆ ಹೆಚ್ಚು ಉಪಯೋಗವೆನಿಸಿದ್ದು ಸೋಯಾ ಐಸೋಫ್ಲೇವೋನ್ ಮಾತ್ರೆ. ಕೆಲವು ವಾರಗಳ ನಂತರ ರಾತ್ರಿಯ ಬೆವರು ಕಡಿಮೆಯಾಯಿತು. ಹಗಲಿನ ಬಿಸಿ ಮಾತ್ರ ಹಾಗೆಯೇ ಉಳಿಯಿತು. ಸೋಯಾದಲ್ಲಿರುವ ಜೆನಿಸ್ಟೀನ್ ಮತ್ತು ಡೈಡ್ಜೀನ್ ಎಂಬ ಐಸೋಫ್ಲೇವೋನ್‌ಗಳು ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜೆನ್ ಅನ್ನು ದುರ್ಬಲವಾಗಿ ಹೋಲುತ್ತವೆ. ಡೈಡ್ಜೀನನ್ನು ಅದಕ್ಕಿಂತ ಹೆಚ್ಚು ಪರಿಣಾಮಕಾರಿಯಾದ ಈಕ್ವಾಲ್ ಎಂಬ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವುದಿಲ್ಲವಾದ್ದರಿಂದ, ಒಬ್ಬರಿಗೆ ಹಿಡಿದ ಮಾತ್ರೆ ಅವರ ಅಕ್ಕನಿಗೇ ಹಿಡಿಯದಿರಬಹುದು. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ತಜ್ಞರನ್ನು ಕೇಳದೆ ಇದನ್ನು ಮುಟ್ಟಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ಕೆಲವು ಗಂಟೆಗಳ ಅಂತರವಿಡಬೇಕು, ಏಕೆಂದರೆ ಸೋಯಾ ಆ ಮಾತ್ರೆಯ ಹೀರಿಕೆಯನ್ನು ತಗ್ಗಿಸಬಲ್ಲದು.

ಅಗಸೆ ಬೀಜವನ್ನು ಹುರಿದು ಪುಡಿ ಮಾಡಿ, ನಮ್ಮ ಕಡೆಯ ಹುಚ್ಚೆಳ್ಳಿನ ಚಟ್ನಿಪುಡಿಯ ಹಾಗೆ ಮುದ್ದೆ, ರೊಟ್ಟಿಯ ಜೊತೆ ತಿಂದೆ. ಇಡೀ ಬೀಜ ಜೀರ್ಣವಾಗದೆ ಹೊರಹೋಗುವುದರಿಂದ ಪುಡಿ ಮಾಡಲೇಬೇಕು. ಮಲಬದ್ಧತೆ ನೀಗಿತು, ಬಿಸಿ ತಗ್ಗಲಿಲ್ಲ. ಅಮೆರಿಕದಲ್ಲಿ 188 ಮಹಿಳೆಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಅಗಸೆ ತಿಂದವರಿಗೂ ಅಗಸೆಯಿಲ್ಲದ ತಿನಿಸು ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಬಿಸಿಯ ತೊಂದರೆ ಅರ್ಧಕ್ಕಿಳಿದಿತ್ತು. ಸೋಯಾದಿಂದ ನನಗಾದ ಲಾಭದಲ್ಲಿಯೂ ನಂಬಿಕೆಯ ಪಾಲು ಇರಬಹುದೆಂದು ನಾನು ಒಪ್ಪುವುದು ಈ ಕಾರಣಕ್ಕೆ.

ಶತಾವರಿ ಪುಡಿಯನ್ನು ರಾತ್ರಿ ಹಾಲಿನಲ್ಲಿ ಕುಡಿದಾಗ ನಿದ್ರೆ ತುಸು ಸುಧಾರಿಸಿತು, ಅಷ್ಟೇ. ಹರಳಿನ ರೂಪದಲ್ಲಿ ಬರುವ ಶತಾವರಿಯಲ್ಲಿ ಸಾಮಾನ್ಯವಾಗಿ ಸಕ್ಕರೆ ಬೆರೆತಿರುವುದರಿಂದ ಮಧುಮೇಹಿಗಳು ಬರಿಯ ಬೇರಿನ ಪುಡಿಯನ್ನೇ ಕೇಳಿ ಪಡೆಯುವುದು ಲೇಸು. ಇದೇ ತೊಂದರೆಗೆ ಮಾರುವ ಬ್ಲ್ಯಾಕ್ ಕೋಹೋಶ್ ಎಂಬ ಗಿಡಮೂಲಿಕೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಅಪರೂಪವಾಗಿಯಾದರೂ ಯಕೃತ್ತಿಗೆ ಹಾನಿಯಾದ ವರದಿಗಳಿವೆ.

ಮುಟ್ಟು ನಿಲ್ಲುವ ಕಾಲದ ಆರೋಗ್ಯದ ತಜ್ಞರ ಸಂಘವಾದ ನಾರ್ತ್ ಅಮೆರಿಕನ್ ಮೆನೊಪಾಸ್ ಸೊಸೈಟಿ 2023ರ ತನ್ನ ಹೇಳಿಕೆಯಲ್ಲಿ ಬಿಸಿಯ ತೊಂದರೆಗೆ ಸೋಯಾ ಪೂರಕಗಳನ್ನು ಶಿಫಾರಸು ಮಾಡಿಲ್ಲ. ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಯಾದ ಅರಿವಿನ ವರ್ತನಾ ಚಿಕಿತ್ಸೆಯನ್ನೂ ಹಾರ್ಮೋನ್ ಅಲ್ಲದ ಕೆಲವು ಔಷಧಿಗಳನ್ನೂ ಶಿಫಾರಸು ಮಾಡಿದೆ. ಆದ್ದರಿಂದ ಬೆವರಿನಿಂದ ನಿದ್ರೆಯೇ ಇಲ್ಲದ ಸ್ಥಿತಿಯಲ್ಲಿರುವವರು ಮೊದಲು ಆ ಔಷಧಿಗಳ ಬಗ್ಗೆ ವೈದ್ಯರನ್ನು ಕೇಳಲಿ. ತೊಂದರೆ ಸಹಿಸುವಷ್ಟಿದ್ದರೆ ಸೋಯಾವನ್ನು 3 ತಿಂಗಳು ನೋಡಬಹುದು, ಫಲ ಕಾಣದಿದ್ದರೆ ನಿಲ್ಲಿಸಬೇಕು. ಯಾವುದನ್ನು ಸೇವಿಸುತ್ತಿದ್ದರೂ, ಮುಟ್ಟು ನಿಂತು 12 ತಿಂಗಳು ಕಳೆದ ಮೇಲೆ ರಕ್ತ ಕಂಡರೆ ತಡಮಾಡದೆ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು.