ಹೆಸರು ಮುಚ್ಚಿ ಕುಡಿದ ನಾಲ್ಕು ಕಾಫಿ ಪುಡಿ

ನಮ್ಮ ಬೀದಿ ತಿರುವಿನಲ್ಲಿರುವ ಅಂಗಡಿಯವರು ಕಣ್ಣೆದುರೇ ಬೀಸಿಕೊಡುವ 80:20 ಪುಡಿಯೇ ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೂರಕ್ಕೆ ಎಂಬತ್ತು ಕಾಫಿ, ಅದರಲ್ಲಿ ಅರ್ಧ ಪೀಬೆರಿ (ದುಂಡನೆಯ ಒಂಟಿ ಬೀಜ), ಅರ್ಧ ಪ್ಲಾಂಟೇಶನ್ ಎ (ದಪ್ಪ ಬೀಜದ ಒಂದು ದರ್ಜೆ). ಉಳಿದ ಇಪ್ಪತ್ತು ಚಿಕೋರಿ ಬೇರಿನ ಪುಡಿ. ಕಾಲು ಕೆಜಿಗೆ 220 ರೂಪಾಯಿ.

ಮೂರು ತಿಂಗಳ ಹಿಂದೆ ಇದನ್ನು ಬಿಟ್ಟು ಬೇರೆ ಕಡೆ ಹೋಗಿದ್ದೆ. ಆನ್‌ಲೈನ್‌ನಲ್ಲಿ ಒಂದೇ ಎಸ್ಟೇಟಿನ ಶುದ್ಧ ಅರೇಬಿಕಾ ಪುಡಿ ತರಿಸಿದೆ. ಕಾಲು ಕೆಜಿಗೆ 560 ರೂಪಾಯಿ. ತಳಿ ಎಸ್.795 ಎಂದು ಪ್ಯಾಕೆಟ್ ಮೇಲಿತ್ತು. ಅದು ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ತಳಿ, ಹಾಗಾಗಿ ಆಸೆ ಜಾಸ್ತಿಯೇ ಇತ್ತು. ಆದರೆ ಮೊದಲ ದಿನ ಹಾಲು ಬೆರೆಸಿದರೆ ಕಾಫಿ ಬೂದು ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

ಆ ಪುಡಿಯನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಮೇಷ್ಟ್ರು. ಹೋಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ನಾಲಿಗೆಗೆ ಅಂಗಡಿ ಪುಡಿ ಅಭ್ಯಾಸ ಆಗಿದೆ, ಅದಕ್ಕೇ ಹಾಗನ್ಸತ್ತೆ. ಯಾವ್ದು ಏನು ಅಂತ ಗೊತ್ತಿಲ್ದೆ ಕುಡೀರಿ, ಆಮೇಲೆ ಮಾತಾಡೋಣ" ಅಂದರು. ಮಾತು ಸರಿ ಅನ್ನಿಸಿತು.

ಆ ವಾರ ಸಕಲೇಶಪುರದಿಂದ ಅಕ್ಕ, ಭಾವ ಬಂದಿದ್ದರು. ಭಾವ ತಮ್ಮ ತೋಟದ ರೊಬಸ್ಟಾ ಹುರಿದು ಪುಡಿ ಮಾಡಿಸಿ ತಂದಿದ್ದರು. ಜೊತೆಗೆ ಸೂಪರ್ ಮಾರ್ಕೆಟ್ಟಿನ ಒಂದು ಪ್ಯಾಕೆಟ್ ಪುಡಿ ಸೇರಿಸಿಕೊಂಡೆವು. ಕಾಫಿ 53, ಚಿಕೋರಿ 47. ಅಲ್ಲಿಗೆ ನಾಲ್ಕು ಪುಡಿ ಆಯಿತು. ಕುಡಿಯುವವರು ಐದು ಜನ: ನಾನು, ಹೆಂಡತಿ, ಭಾವ, ಮೇಷ್ಟ್ರು, ಅವರ ಮಗ. ಕಾಫಿ ಮಾಡುವ ಕೆಲಸ ಅಕ್ಕನದು. ಯಾವ ನಂಬರಿಗೆ ಯಾವ ಪುಡಿ ಅಂತ ಅವಳಿಗೆ ಮಾತ್ರ ಗೊತ್ತು. ಲೋಟದ ತಳಕ್ಕೆ ಒಂದರಿಂದ ಐದರವರೆಗೆ ನಂಬರ್ ಚೀಟಿ ಅಂಟಿಸಿದಳು. ಪುಡಿ ನಾಲ್ಕು, ನಂಬರ್ ಐದು. ಒಂದು ಪುಡಿ ಎರಡು ಸಲ ಬರುತ್ತದೆ ಅಂತ ನಮಗೆ ಹೇಳಲೇ ಇಲ್ಲ.

ಶುರುವಿನಲ್ಲೇ ಒಂದು ತೊಡಕು ಕಂಡಿತು. ಹೆಸರು ಮುಚ್ಚಬಹುದು, ಬಣ್ಣ ಮುಚ್ಚುವುದು ಹೇಗೆ? ಚಿಕೋರಿ ಜಾಸ್ತಿ ಇದ್ದರೆ ಡಿಕಾಕ್ಷನ್ ಕಪ್ಪಗಿರುತ್ತದೆ, ಲೋಟ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೇಷ್ಟ್ರು ಕಿಟಕಿ ಪರದೆ ಎಳೆದು ದೀಪ ಆರಿಸಿದರು. ಕತ್ತಲಲ್ಲಿ ಸ್ಟೀಲ್ ಲೋಟದ ಅಂಚು ತುಟಿಗೆ ತಾಗುವ ಮೊದಲೇ ಘಮ ಬರುತ್ತದೆ. ಕಣ್ಣಿಗೆ ಕೆಲಸ ಇಲ್ಲದಿದ್ದಾಗ ಮೂಗು ಎಷ್ಟು ಚುರುಕಾಗುತ್ತದೆ ಅಂತ ಅವತ್ತೇ ತಿಳಿದದ್ದು. ಮೊದಲ ಸುತ್ತು ಸಕ್ಕರೆ ಇಲ್ಲದೆ, ನಡುವೆ ಒಂದು ಗುಟುಕು ನೀರು.

ಕುಡಿದದ್ದನ್ನು ಹೇಳುವ ಮೊದಲು ಆ ಅರೇಬಿಕಾ ಪುಡಿ ಫಿಲ್ಟರಿನಲ್ಲಿ ಕೊಟ್ಟ ಕಾಟ ಹೇಳಲೇಬೇಕು. ನಾನು ದಿನಾ ಮಾಡುವ ಅಳತೆ ಇದು: 20 ಗ್ರಾಂ ಪುಡಿ, 120 ಎಂ.ಎಲ್. ಬಿಸಿನೀರು, ಮೂರು ಸಣ್ಣ ಲೋಟಕ್ಕೆ ಸಾಕಾಗುವಷ್ಟು ಗಟ್ಟಿ ಡಿಕಾಕ್ಷನ್. ಅಂಗಡಿ ಪುಡಿ ಹಾಕಿದರೆ ಇಳಿಯುವುದಕ್ಕೆ 20 ನಿಮಿಷ ಬೇಕು. ಚಿಕೋರಿ ನೀರು ಹೀರಿ ಉಬ್ಬುತ್ತದೆ. ಅದು ನೀರನ್ನು ತಡೆದು, ಒಂದೊಂದೇ ಹನಿಯಾಗಿ ಕೆಳಗೆ ಬಿಡುತ್ತದೆ. ಅರೇಬಿಕಾ ಪುಡಿಯಲ್ಲಿ ಚಿಕೋರಿ ಇಲ್ಲ, ಬೀಸಿದ್ದೂ ತರಿತರಿ. ಆರೇ ನಿಮಿಷಕ್ಕೆ ಎಲ್ಲಾ ನೀರು ಇಳಿದುಹೋಯಿತು. ಕೆಳಗಿನ ಪಾತ್ರೆಯಲ್ಲಿದ್ದದ್ದು ತೆಳ್ಳನೆ ಕಂದು ನೀರು. ಅದಕ್ಕೆ ಹಾಲು ಹಾಕಿದರೆ ಬರೀ ಹಾಲಿನ ರುಚಿ.

ಎರಡನೇ ದಿನ ಹಿಡಿಯಿರುವ ಬಿಲ್ಲೆಯಿಂದ ಪುಡಿಯನ್ನು ಜೋರಾಗಿ ಒತ್ತಿದೆ. ಎರಡು ನಿಮಿಷ ಹೆಚ್ಚಾಯಿತು ಅಷ್ಟೇ. ಮೂರನೇ ದಿನ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ರಾತ್ರಿಯೇ ಫಿಲ್ಟರಿಗೆ ಹಾಕಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ಮೇಲೆಯೇ ನಿಂತಿದೆ, ಕೆಳಗೆ ಎರಡು ಚಮಚ ಡಿಕಾಕ್ಷನ್. ಮೇಲಿನ ಪಾತ್ರೆ ತಟ್ಟಿದೆ. ಸ್ವಲ್ಪ ಎತ್ತಿ ಗಾಳಿ ಬಿಟ್ಟೆ. ಕೊನೆಗೆ ಚಮಚದಿಂದ ಕೆದಕಿದೆ, ಪುಡಿಯೆಲ್ಲಾ ತೂತಿನಿಂದ ಇಳಿದು ತಳದಲ್ಲಿ ಕೆಸರಾಯಿತು. ಆಫೀಸಿಗೆ ಕಾಫಿ ಕುಡಿಯದೆ ಹೋದೆ. ಅವತ್ತಿನ ಸಿಟ್ಟು ಇವತ್ತಿಗೂ ಇದೆ. 560 ರೂಪಾಯಿ ತೆಗೆದುಕೊಳ್ಳುವವರು ಇದು ಯಾವ ಫಿಲ್ಟರಿಗೆ ಬೀಸಿದ್ದು ಅಂತ ಒಂದು ಸಾಲು ಬರೆಯಬೇಕಿತ್ತು. ಪ್ಯಾಕ್ ಮಾಡಿದ ತಾರೀಕು ಇದೆ, ಹುರಿದ ತಾರೀಕು ಇಲ್ಲ. ಹೊಸದಾಗಿ ಹುರಿದ ಪುಡಿಗೆ ಬಿಸಿನೀರು ಬಿದ್ದರೆ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ, ಒಳಗಿನ ಗಾಳಿ ಹೊರಗೆ ಬರುವುದಕ್ಕೆ. ಇದು ಒದ್ದೆ ಮಣ್ಣಿನ ಹಾಗೆ ಸುಮ್ನೆ ಕೂತಿತ್ತು.

ಕೊನೆಗೆ ದಾರಿ ಕಂಡದ್ದು ಒಂದೇ, ಪುಡಿ ಜಾಸ್ತಿ ಹಾಕುವುದು. 35 ಗ್ರಾಂ ಹಾಕಿದರೆ ಡಿಕಾಕ್ಷನ್ ಹದಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿದೆ. ಪುಡಿಗೇ ಲೋಟಕ್ಕೆ 26 ರೂಪಾಯಿ ಬಿತ್ತು. ಅಂಗಡಿ ಪುಡಿಯಲ್ಲಿ ಆರು ರೂಪಾಯಿ ಹತ್ತಿರ. ಪರೀಕ್ಷೆಯ ದಿನ ಅಕ್ಕ 35 ಗ್ರಾಂ ಹಾಕಿಯೇ ಮಾಡಿದಳು, ಅನ್ಯಾಯ ಆಗಬಾರದಲ್ವಾ.

ಈಗ ಲೋಟಗಳ ವಿಷಯ. ಪ್ಯಾಕೆಟ್ ಪುಡಿಯನ್ನು ಐದೂ ಜನ ಮೊದಲ ಗುಟುಕಿಗೇ ಹಿಡಿದರು. ಗಟ್ಟಿಯಾಗಿದೆ, ಸುಟ್ಟ ಬೆಲ್ಲದಂಥ ಸಿಹಿಗಹಿ ಇದೆ, ಘಮ ಇಲ್ಲ. ಚಿಕೋರಿ ಕಾಫಿ ಬೀಜವಲ್ಲ, ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಕಾನೂನಿನಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಆದರೆ ನಾವು ಯಾರು ಅದನ್ನು ಓದಿ ಕೊಳ್ಳುತ್ತೇವೆ? ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಈ ಪುಡಿ ಒಂದು ಚಿಟಿಕೆ ಉದುರಿಸಿ ನೋಡಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಎಳೆ ಬಿಡುತ್ತಾ ಕೆಳಗೆ ಇಳಿಯುತ್ತದೆ. ನಮ್ಮ ಲೋಟದಲ್ಲಿ ಎಳೆಗಳು ಇಳಿದು ನೀರೆಲ್ಲಾ ಬಣ್ಣವಾಯಿತು.

ಭಾವನ ರೊಬಸ್ಟಾ ಲೋಟ ಬಂದಾಗ ಅವರು ಕುಡಿಯಲೇ ಇಲ್ಲ. ಬರೀ ಮೂಸಿದರು. "ಇದು ನಮ್ಮನೇದು" ಅಂದರು, ದನಿ ಸ್ವಲ್ಪ ಮೆತ್ತಗಾಗಿತ್ತು. ಒಳ್ಳೇ ಪುಡಿ ಅದು. ಕಹಿ ಗಟ್ಟಿ, ನೊರೆ ದಪ್ಪ, ಎರಡು ಪಟ್ಟು ಹಾಲು ಹಾಕಿದರೂ ಕಾಫಿ ಸೋಲುವುದಿಲ್ಲ. ಆದರೆ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಅವತ್ತು ಸಂಜೆ ಆಸೆಗೆ ಇನ್ನೊಂದು ಲೋಟ ಕುಡಿದೆ. ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಕಾಫಿಗೆ ಅದನ್ನು ಅಂಗಡಿ ಪುಡಿಗೆ ಕಾಲು ಭಾಗ ಬೆರೆಸುತ್ತೇನೆ.

ಅರೇಬಿಕಾ ಹಾಲಿನಲ್ಲಿ ಹಗುರ. ಇಬ್ಬರಿಗೆ ಅದು ಕಾಫಿ ಅನ್ನಿಸಲೇ ಇಲ್ಲ. ಮೇಷ್ಟ್ರು ಮಾತ್ರ ಕತ್ತಲಲ್ಲೂ ಅದನ್ನೇ ಮೊದಲನೆಯದು ಅಂದರು. ಆಮೇಲೆ ಅವರು ಹಾಲಿಲ್ಲದೆ, ಕಾಗದದ ಸೋಸಣಿಗೆಯಲ್ಲಿ ನಿಧಾನವಾಗಿ ನೀರು ಸುರಿದು ಒಂದು ಕಪ್ ಮಾಡಿಕೊಟ್ಟರು. ಹಾಗೆ ಕುಡಿದಾಗ ನಿಂಬೆ ಸಿಪ್ಪೆಯಂಥ ಸಣ್ಣ ಹುಳಿ, ಕೊನೆಯಲ್ಲಿ ತೆಳು ಸಿಹಿ. ಹಾಲು ಹಾಕದವರಿಗೆ ಅದೇ ಸರಿ, ಒಪ್ಪುತ್ತೇನೆ.

ಇನ್ನು ಆ ಐದನೇ ನಂಬರ್. ಎರಡು ಸಲ ಬಂದದ್ದು ಅಂಗಡಿಯ 80:20. ನಂಬರ್ ಎರಡಕ್ಕೆ ನಾನು ಹತ್ತಕ್ಕೆ ಎಂಟು ಕೊಟ್ಟಿದ್ದೆ, ನಂಬರ್ ಐದಕ್ಕೆ ಆರು. ಪುಡಿ ಅದೇ, ಫಿಲ್ಟರ್ ಅದೇ! ಇನ್ನೂ ಇಬ್ಬರ ಅಂಕ ಹೀಗೇ ಬೇರೆಬೇರೆ. ಕಾರಣ ಹುಡುಕಿದರೆ ಹಾಲು. ಅಕ್ಕ ಹಾಲು ಒಂದೇ ಸಲ ಕಾಯಿಸಿದ್ದಳು, ಐದನೇ ಲೋಟದ ಹೊತ್ತಿಗೆ ಅದು ಆರಿತ್ತು. ನಾಲಿಗೆಯೂ ಅಷ್ಟರಲ್ಲಿ ಕಹಿಗೆ ಸೋತಿತ್ತು. ಹಾಗಾಗಿ ಮುಂದಿನ ಭಾನುವಾರ ಮತ್ತೆ ಮಾಡಿದೆವು, ಪ್ರತಿ ನಂಬರಿಗೂ ಹಾಲು ಹೊಸದಾಗಿ ಉಕ್ಕಿಸಿ, ಸರದಿ ತಿರುಗಿಸಿ. ಆಗಲೂ ಮೇಷ್ಟ್ರನ್ನು ಬಿಟ್ಟು ನಾಲ್ಕು ಜನ 80:20ಕ್ಕೇ ಮೊದಲ ಸ್ಥಾನ ಕೊಟ್ಟರು. ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ನಾನು ದಿನಕ್ಕೆ ಎರಡು ಲೋಟ ಕುಡಿಯುವವನು, ಎರಡೂ ಹಾಲು ಹಾಕಿ. ಅಜ್ಜಿ ಕಾಲದ ಹಿತ್ತಾಳೆ ಫಿಲ್ಟರ್ ಬಿಡುವುದಿಲ್ಲ. ತಿಂಗಳಿಗೆ ಕಾಫಿ ಪುಡಿಗೆ 900 ರೂಪಾಯಿ ದಾಟಿದರೆ ಕಷ್ಟ. ಇಷ್ಟಕ್ಕೆಲ್ಲಾ ಹೊಂದುವುದು ಅಂಗಡಿ ಪುಡಿ ಒಂದೇ. ಬೆಳಿಗ್ಗೆ ಭಾವನ ಪುಡಿ ಬೆರೆಸುವುದು ಬಿಟ್ಟರೆ ಬದಲಾಯಿಸಿಕೊಂಡದ್ದು ಒಂದು ವಿಷಯ ಮಾತ್ರ. ಮುಂಚೆ ಒಂದು ಕೆಜಿ ತಂದು ಡಬ್ಬಿ ತುಂಬಿಸಿಡುತ್ತಿದ್ದೆ, ಈಗ ಶನಿವಾರ ಶನಿವಾರ 200 ಗ್ರಾಂ. ಪೊಟ್ಟಣ ಕೈಗೆ ಬಂದಾಗ ಇನ್ನೂ ಬೆಚ್ಚಗಿರುತ್ತದೆ. ಮನೆ ಸೇರುವಷ್ಟರಲ್ಲಿ ಸ್ಕೂಟರಿನ ಡಿಕ್ಕಿ ತುಂಬಾ ಅದರದೇ ಘಮ. ಉಳಿದ ಅರೇಬಿಕಾ ಮೇಷ್ಟ್ರಿಗೆ ಕೊಟ್ಟೆ, ಅವರು ನಾಲ್ಕೇ ದಿನದಲ್ಲಿ ಖಾಲಿ ಮಾಡಿದರು.